ಹುಳುಕು

ಕಠಾರಿಪಾಳ್ಯದ ನನ್ನ ಲ್ಯಾಬಿಗೆ ಬರುವುದು
ಬಾಯಿಲ್ಲದ ಹಲ್ಲುಗಳು.
ಡಾಕ್ಟರುಗಳು ಅಚ್ಚು ಕಳಿಸುತ್ತಾರೆ, ಚೀಟಿ ಕಳಿಸುತ್ತಾರೆ,
ನಾನು ಮೇಣ ತಿದ್ದಿ, ಲೋಹ ಹುಯ್ದು, ಉಜ್ಜಿ
ವಾಪಸು ಕಳಿಸುತ್ತೇನೆ.
ಅವು ನಕ್ಕಿದ್ದು ನೋಡಿದ್ದು ಕಡಿಮೆ.

ಮುನಿಯಲ್ಲಮ್ಮ ಮಾತ್ರ ತಾನೇ ಬಂದಳು.
ರಿಟೈರಾದ ಕಂಡಕ್ಟರು, ಕೋಲಾರ ಡಿಪೋ.
ಟಿಕೆಟ್ಟಿನ ಹಳೇ ಚರ್ಮದ ಚೀಲ ಬಿಚ್ಚಿ
ಹಲ್ಲುಗಳ ನಡುವೆ ಇಟ್ಟಳು ಒಂದು ಕಾರು:
ಡಾಡ್ಜ್ ಚಾಲೆಂಜರ್, ಎಪ್ಪತ್ತನೇ ಇಸವಿ,
ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ,
ಉದ್ದ, ಗೇಣಿನ ಮೇಲೆ ಮೂರು ಬೆರಳು.

"ಮುಂದಿನ ಬಂಪರ್ ಉದುರೋಯ್ತು ಕಣಪ್ಪಾ, ಮುಟ್ಟಲೂ ಇಲ್ಲ.
ಗ್ಯಾರೇಜಿನವನು ನಕ್ಕ. ಅಕ್ಕಸಾಲಿ ನಕ್ಕ.
ನಿಂದು ಸಣ್ಣ ಕೆಲಸವಂತೆ."

ಕಣ್ಣಿಗೆ ಮಸೂರ ಸಿಕ್ಕಿಸಿ ನೋಡಿದೆ.
ಬಣ್ಣದಡಿ ಗುಳ್ಳೆ, ಗುಳ್ಳೆಯಡಿ ಬಿರುಕು,
ಬಿರುಕಿನಡಿ ಬೂದಿಯಂಥ ಪುಡಿ.
ಸತು ಹುಯ್ಯುವಾಗ ಎಲ್ಲೋ ಚಿಟಿಕೆ ಸೀಸ ಸೇರಿದೆ.
ಅಷ್ಟು ಸಾಕು.
ಗಾಜಿನ ಹಿಂದೆ ಹೊಳೆಯುತ್ತಲೇ
ಒಳಗೊಳಗೆ ಊದಿಕೊಳ್ಳುತ್ತದೆ ವರ್ಷಗಟ್ಟಲೆ.
"ಹುಳುಕು" ಅಂದೆ. ಬೇರೆ ಮಾತು ನನಗೆ ಗೊತ್ತಿಲ್ಲ.
"ಸಿಹಿ ತಿನ್ನಿಸಿಲ್ಲವಲ್ಲೋ ನಾನು" ಅಂದಳು.

ಮೊದಲನೆಯದು ಬಸ್ಸಿನಲ್ಲಿ ಯಾರೋ ಮರೆತದ್ದಂತೆ,
ಶ್ರೀನಿವಾಸಪುರದ ಕೊನೇ ಟ್ರಿಪ್ಪು, ಹಿಂದಿನ ಸೀಟು.
ಡಿಪೋ ಬೀರುವಿನಲ್ಲಿ ವರ್ಷ ಕಾದು
ಹರಾಜಿಗೆ ಬಂತು. ಐವತ್ತಕ್ಕೆ ಕೂಗಿದಳು,
ಎದುರು ಕೂಗಲು ಯಾರಿಗೂ ಬಾಯಿ ಬರಲಿಲ್ಲ.
ಆಮೇಲೆ ಓಟಿ ದುಡ್ಡಿನಲ್ಲಿ
ಮಸ್ಟಾಂಗು, ಕಮಾರೋ, ಈ ನೇರಳೆ,
ಒಟ್ಟು ಏಳು.
ಮನೆಯಲ್ಲಿ ಸೈಕಲ್ಲೂ ಇಲ್ಲ.

"ಬಾಗಿಲು ತೆಗೆದು ನೋಡು."
ಉಗುರಿನ ತುದಿಯಲ್ಲಿ ತೆಗೆದೆ.
ಸ್ಟೇರಿಂಗು ಎಡಗಡೆ.
"ಮೂವತ್ತೊಂದು ವರ್ಷ ನಾನು ನಿಂತ ಜಾಗ ಅದು.
ಎಡಗಡೆ, ಮುಂದಿನ ಬಾಗಿಲು, ಕಂಬಿ ಹಿಡಿದು.
ಕೂತು ತಿರುಗಿಸೋನು ಬಲಗಡೆ ಒಬ್ಬ.
ರೈಟ್ ಅಂದ್ರೆ ಹೊರಡೋನು, ಹೋಲ್ಡಾನ್ ಅಂದ್ರೆ ನಿಲ್ಲೋನು,
ಇಷ್ಟು ವರ್ಷಕ್ಕೆ ಒಂದಿನ ನನ್ನ ಕಡೆ ತಿರುಗಿ ನೋಡಿಲ್ಲ.
ಇದರಲ್ಲಿ ನೋಡು,
ನಾನು ನಿಂತಿದ್ದ ಜಾಗಕ್ಕೇ ಚಕ್ರ ಕೊಟ್ಟವ್ರೆ."

ಗುಲಾಬಿ ಪೇಸ್ಟು ಕಲಸಿ
ಕಾರಿನ ಮುಖಕ್ಕೆ ಒತ್ತಿದೆ.
ಅಭ್ಯಾಸಬಲ, "ಅಲ್ಲಾಡಬೇಡಿ" ಅಂದೆ.
ಆಕೆ ಉಸಿರು ಹಿಡಿದು ನಿಂತಳು.

ಮೇಣದ ಒಂದೇ ಕಾಂಡಕ್ಕೆ ಎರಡು ಕೊಂಬೆ ಕಟ್ಟಿದೆ:
ಒಂದರ ತುದಿಗೆ ಚಾಲೆಂಜರಿನ ಬಂಪರು,
ಇನ್ನೊಂದರಲ್ಲಿ ಮುಳಬಾಗಿಲಿನ ಯಾರದೋ ದವಡೆ ಹಲ್ಲು.
ಒಂದೇ ಕಾವು, ಒಂದೇ ಎರಕ.

ನಾಲ್ಕನೇ ದಿನ ಬಂದಳು.
"ಎಷ್ಟು ಕಾಲ ಬಾಳುತ್ತೆ?"
ಬಂಪರು ನಮ್ಮಿಬ್ಬರಿಗಿಂತ ಹೆಚ್ಚು ಬಾಳುತ್ತೆ, ಅಂದೆ.
ಅದು ಅಂಟಿಕೊಂಡ ಕಾರಿನ ಮಾತು ಬೇರೆ.
ಬಾನೆಟ್ಟಿನಡಿಯಲ್ಲೂ ಎರಡು ಗುಳ್ಳೆ ಕಂಡಿದ್ದೆ, ತೋರಿಸಿದೆ.
ಆಕೆಯ ನಾಲಿಗೆ ತನ್ನದೇ ದವಡೆಯ ಸಂದಿ ಹುಡುಕಿತು.

ನಾನೂರು ಕೊಟ್ಟಳು, ಬರೀ ಹತ್ತರ ನೋಟು,
ಉದ್ದಕ್ಕೆ ಮಡಚಿ ಬೆರಳ ಸಂದಿಗಳಲ್ಲಿ ಸಿಕ್ಕಿಸಿಕೊಂಡು,
ಎಣಿಸಲು ಬಿಡಲಿಲ್ಲ.

ಸಂಜೆ ಬಸ್ಸಿನಲ್ಲಿ ಹಲ್ಲು ಮುಳಬಾಗಿಲಿಗೆ ಹೋಯಿತು.
ಈ ಹೊತ್ತಿಗೆ ಅದರ ಒಡೆಯ,
ಯಾರೋ ಏನೋ,
ಅರ್ಧ ಬಂಪರಿನಲ್ಲಿ ಹುರಿದ ಕಡಲೆಕಾಯಿ
ಅಗಿಯುತ್ತಿರಬಹುದು.