ಕಣ್ಪಟ್ಟಿ

ಜಕ್ಕೂರಿನಲ್ಲಿ ನೆಲದ ಮೇಲೆ ನಿಂತಾಗಲೇ
ಆಲ್ಟಿಮೀಟರು ಮೂರು ಸಾವಿರ ಅಡಿ ಎನ್ನುತ್ತದೆ.
ಏರದೆಯೇ ಸಿಕ್ಕ ಎತ್ತರ ಈ ಊರಿನವರಿಗೆ.

ಡಿಸೆಂಬರಿನ ಬೆಳಗು. ಕೆರೆಯ ಮಂಜು ರನ್‌ವೇ ದಾಟಿ
ಹೆದ್ದಾರಿಯ ಕಡೆ ಹೊರಟಿದೆ, ಯಾರ ಅನುಮತಿಯೂ ಬೇಡ ಅದಕ್ಕೆ.
ನನಗೆ ಬೇಕು: ನಲವತ್ತು ಗಂಟೆ, ಲಾಗ್‌ಬುಕ್ಕಿನಲ್ಲಿ ಸಹಿ,
ಕಾಣದೆಯೂ ಹಾರಬಲ್ಲಳೆಂಬ ಒಂದು ಮೊಹರು.

ಮೂವರು ಸೇರಿ ಕೊಂಡ ಹಳೆಯ ಸೆಸ್ನಾ:
ಟೈಲ್ಸ್ ವ್ಯಾಪಾರಿ ಭವರ್‌ಲಾಲ್, ನಿವೃತ್ತ ಜಡ್ಜು ಹಿರಣ್ಣಯ್ಯ, ನಾನು.
ಎರಡನೇ ರೇಡಿಯೊ ಬೇಕೆ, ಪಿಟೋ ಕೊಳವೆಗೆ ಹೀಟರು ಬೇಕೆ
ಎಂದು ಮೂರು ತಿಂಗಳು ಜಗಳವಾಡಿದೆವು.
"ಮೋಡದೊಳಕ್ಕೆ ಹೋಗುವವರು ಯಾರ್ರೀ?" ಅಂದರು ಜಡ್ಜು.
ನಾನು ಎಂದೆ.
ತೀರ್ಪು ಕಾಯ್ದಿರಿಸಿದರು. ಎರಡು ವಾರ ಬಿಟ್ಟು ಚೆಕ್ಕು ಬರೆದರು.

ನೊರೋನ್ಹಾ ಮೇಷ್ಟ್ರು ನನ್ನ ಹಣೆಗೆ ಹುಡ್ ಬಿಗಿದರು,
ಜಟಕಾ ಕುದುರೆಗೆ ಕಟ್ಟುವ ಹಾಗೆ.
ಹೆಬ್ಬಾಳ ಹೋಯಿತು, ಯಲಹಂಕ ಹೋಯಿತು, ಆಕಾಶವೂ ಹೋಯಿತು.
ಉಳಿದದ್ದು ಆರು ಗುಂಡು ಮುಖ,
ಗಡಿಯಾರದ ಹಾಗೆ, ಆದರೆ ಗಂಟೆ ಎಷ್ಟೆಂದು
ಒಂದಕ್ಕೂ ಗೊತ್ತಿಲ್ಲ.

"ಎಡಕ್ಕೆ, ನಿಧಾನ. ಇನ್ನೂ ನಿಧಾನ. ಈಗ ಸಮ ಮಾಡಿ."
ಮಾಡಿದ್ದೇ ತಡ
ಬಲಕ್ಕೆ ಉರುಳುತ್ತಿದ್ದೇನೆ, ಸೀಟು ಜಾರುತ್ತಿದೆ,
ಮೈಯೆಲ್ಲ ಆಣೆಯಿಟ್ಟು ಹೇಳುತ್ತಿದೆ.
ಗಾಜಿನೊಳಗಿನ ಪುಟ್ಟ ವಿಮಾನ ಮಾತ್ರ
ಬಿಳಿಗೆರೆಯ ಮೇಲೆ ಹಾಯಾಗಿ ಕೂತಿದೆ.

ನಾನು ಕಿವಿಯ ಡಾಕ್ಟರು.
ಆ ಮೂರು ನಾಳ ಬಲ್ಲೆ, ಒಳಗಿನ ನೀರು ಬಲ್ಲೆ,
ತಲೆ ನಿಂತರೂ ಅದು ನಿಲ್ಲದ್ದು ಬಲ್ಲೆ.
ಸಹಕಾರನಗರದ ಕ್ಲಿನಿಕ್ಕಿನಲ್ಲಿ ಹೂ ಮಾರುವ ರೇವಕ್ಕ
ಮೇಜು ಅವಚಿಕೊಂಡು "ಭೂಮಿ ತಿರುಗ್ತೈತೆ ಡಾಕ್ಟ್ರಮ್ಮಾ" ಅಂದಾಗ
"ಏನೂ ತಿರುಗ್ತಿಲ್ಲ, ಆ ಕ್ಯಾಲೆಂಡರ್ ನೋಡ್ತಾ ಇರಿ" ಅಂದವಳು.
ಎಷ್ಟು ಸಲೀಸಾಗಿ ಅಂದಿದ್ದೆ.

"ಪಂಪು ಸತ್ತಿತು ಅಂದುಕೊಳ್ಳಿ" ಎಂದರು ಮೇಷ್ಟ್ರು,
ಕೃತಕ ದಿಗಂತದ ಮೇಲೆ ಹಳದಿ ಚೀಟಿ ಅಂಟಿಸಿದರು,
ದಿಕ್ಕಿನ ಮುಖದ ಮೇಲೆ ಇನ್ನೊಂದು.
ಎರಡು ಬುಗುರಿ ಮಲಗಿದವು. ಉಳಿದದ್ದು ನಾಲ್ಕು.
ಮುಳ್ಳೊಂದು ನಡುಗಿತು. ನನ್ನ ಕೈಯೋ ಅದೋ ತಿಳಿಯಲಿಲ್ಲ.
ಬೆರಳು ಸಡಿಲಿಸಿದೆ, ಪಿಂಗಾಣಿ ಬಟ್ಟಲು ಹಿಡಿದಷ್ಟೇ.
ನೋಡ್ತಾ ಇರು, ರೇವಕ್ಕ, ಎಂದುಕೊಂಡೆ.
ನೋಡ್ತಾ ಇರು.

ಹುಡ್ ತೆಗೆದಾಗ ಮಂಜು ಕರಗಿತ್ತು.
ಮೆಟ್ರೋ ಕಂಬಗಳು ಸಾಲಾಗಿ, ಸಣ್ಣಗೆ,
ಯಾರೋ ಅಳೆದು ನೆಟ್ಟ ಕಡ್ಡಿಗಳಂತೆ.
ಮೇಷ್ಟ್ರು ಬರೆದರು: ಸೊನ್ನೆ ಬಿಂದು ಒಂಬತ್ತು ಗಂಟೆ.
ಚೆನ್ನಾಗಿತ್ತು ಅನ್ನಲಿಲ್ಲ. ಎರಡು ಚೀಟಿಯನ್ನೂ ಜೋಪಾನವಾಗಿ
ಕಿತ್ತು ಜೇಬಿಗಿಟ್ಟುಕೊಂಡರು, ನಾಳೆಯವನಿಗೆ.

ಕಾರಿನ ತನಕ ನಡೆಯುವಾಗ ವಾಲುತ್ತಿದ್ದೆನಂತೆ.
ಗೇಟಿನ ವಾಚ್‌ಮನ್ ಓಡಿ ಬಂದ,
"ತಲೆ ತಿರುಗ್ತಿದೆಯಾ ಮೇಡಂ?"
ಇಲ್ಲ ಎನ್ನಲು ಬಾಯಿ ತೆರೆದವಳು
ಅವನ ಅಂಗಿಯ ಹಿತ್ತಾಳೆ ಗುಂಡಿಯೊಂದನ್ನೇ
ದಿಟ್ಟಿಸುತ್ತ ನಿಂತುಬಿಟ್ಟೆ.