ಒಣಹಾಕಿದ ಆನೆ

ಈ ಏಪ್ರಿಲ್‌ನಲ್ಲಿ ಪ್ರಫುಲ್ಲಳ ಬಲಗೈ ಪ್ಲಾಸ್ಟರಿನೊಳಗಿದೆ.
ಹಾಗಾಗಿ, ಮೂವತ್ತೊಂದು ವರ್ಷ ಹಾಸನದ ಡಿಪೋದಲ್ಲಿ
ಗೇರ್‌ಬಾಕ್ಸು ಬಿಚ್ಚಿ ಕಟ್ಟಿದ ನಾನು
ಬೆಳಿಗ್ಗೆ ಐದೂವರೆಗೇ ತಾರಸಿಯ ಮೇಲೆ
ಚಕ್ಕುಲಿ ಒರಳು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದೇನೆ.

ಕೆಳಗೆ ಹಾಸಿದ್ದು ನನ್ನದೇ ಹಳೇ ಪಂಚೆ.
ತಪ್ಪಲೆಯಲ್ಲಿ ಅಕ್ಕಿಹಿಟ್ಟು ಕುದ್ದು ಕುದ್ದು
ಗ್ರೀಸಿನ ಹದಕ್ಕೆ ಬಂದಿತ್ತು.
ಗ್ರೀಸು ಅಂದದ್ದಕ್ಕೆ ಬೈಸಿಕೊಂಡೆ.

ಪ್ಲಾಸ್ಟಿಕ್ ಕುರ್ಚಿಯಿಂದ ಅಪ್ಪಣೆ:
"ಒಂದೇ ಸಮ ಒತ್ತಿ. ಅಯ್ಯೋ, ನಟ್ಟು ತಿರುಗಿಸಿದ ಹಾಗಲ್ಲ ರೀ."
ಬಿಲ್ಲೆ ಬರಬೇಕಾದಲ್ಲಿ ಬಾಲ ಬಂತು,
ಬಾಲಕ್ಕೆ ಒಂದು ಹೊಟ್ಟೆ ಬಂತು,
ಹೊಟ್ಟೆ ಸರಿಮಾಡಲು ಹೋಗಿ ಇನ್ನೊಂದು ಬಾಲ.

"ಆನೆ!" ಅಂದಳು ನೂರಿ, ಕೆಳಮನೆಯ ಖಾಜಾನ ಮಗಳು,
ಆರನೇ ಕ್ಲಾಸು ಮುಗಿಸಿ ರಜಕ್ಕೆ ಕೂತವಳು.
"ತಾತ, ಸೊಂಡಿಲು ಚೆನ್ನಾಗಿ ಬಂದಿದೆ. ಕಿವಿ ನಾನು ಹಾಕ್ತೀನಿ."
ಅಲ್ಲಿಗೆ ಮುಗಿಯಿತು ನೋಡಿ ಸಂಡಿಗೆಯ ಶಿಸ್ತು.

ಎಂಟು ಗಂಟೆಯ ಹೊತ್ತಿಗೆ ಪಂಚೆಯ ಮೇಲೆ
ಕುದುರೆ ಎರಡು, ಮೀನು ಒಂದು, ಕನ್ನಡಕದ ಹೆಡ್‌ಮೇಷ್ಟ್ರು,
ಬಾಗಿಲು ತೆರೆದೇ ಹೊರಟ ಕೆಂಪು ಬಸ್ಸು
(ಕೆಂಪಿಗೆ ಬೀಟ್‌ರೂಟಿನ ರಸ).
ಒಂಬತ್ತಕ್ಕೆ ಕಾಗೆ ಬಂದು ಬಸ್ಸಿನ ಹಿಂದಿನ ಚಕ್ರ ಒಯ್ದಿತು.
ನೂರಿ ಅತ್ತಳು. ನಾನು ಪಂಕ್ಚರು ಹಾಕಿಕೊಟ್ಟೆ.

ಹನ್ನೆರಡಕ್ಕೆ ತಾರಸಿ ಕಾವಲಿಯಾಯಿತು.
ಮೆಟ್ಟಿಲ ಕೆಳಗಿನ ನೆರಳಲ್ಲಿ ಮೂವರೂ
ಕರಬೂಜದ ಪಾನಕ ಕುಡಿದೆವು, ಏಲಕ್ಕಿ ಜಾಸ್ತಿಯಾಗಿತ್ತು.
ಖಾಜಾನ ಹೆಂಡತಿ ಉಪ್ಪು ಖಾರ ಸವರಿದ
ತೋತಾಪುರಿ ಹೋಳು ಕಳಿಸಿದಳು.
ಹುಳಿಗೆ ಪ್ರಫುಲ್ಲಳ ಒಂದು ಕಣ್ಣು ಮುಚ್ಚಿತು,
ಮದುವೆಯಲ್ಲಿ ನೋಡಿದ್ದ ಅದೇ ಕಣ್ಣು.

ಭಾನುವಾರ ಹಳೇಬೀಡಿಗೆ ಹೋದೆವು,
ಬುತ್ತಿಯಲ್ಲಿ ಮೊಸರನ್ನ, ಬಾಳಕದ ಮೆಣಸಿನಕಾಯಿ.
ಡ್ರೈವರು ನನ್ನ ಕಾಲದ ಹುಡುಗ,
ಎಂಜಿನ್ನಿನ ಸದ್ದು ಕೇಳಿ ನಾನು ಏನೂ ಹೇಳಲಿಲ್ಲ.
ಹೇಳದೆ ಇರುವುದು ಎಷ್ಟು ಕಷ್ಟವೆಂದು ಪ್ರಫುಲ್ಲಳಿಗೆ ಗೊತ್ತು.

ಚಪ್ಪಲಿ ಬಿಟ್ಟೆವು. ಜಗತಿಯ ಕಲ್ಲು ಕೆಂಡ.
ದೇಶದ ಮೂಲೆಮೂಲೆಯಿಂದ ಬಂದ ದೊಡ್ಡವರೆಲ್ಲ
ಕುಂಟಾಬಿಲ್ಲೆ ಆಡುತ್ತಿದ್ದರು, ನೆರಳಿಂದ ನೆರಳಿಗೆ.
ನಾನೂ ಹಾರಿದೆ. ಅರವತ್ಮೂರನೇ ವಯಸ್ಸಿನಲ್ಲಿ
ಹಾರುವುದಕ್ಕೆ ಒಂದು ನೆಪ ಸಿಕ್ಕಿತು.

ಗೋಡೆಯ ತಳದ ಸಾಲಿನಲ್ಲಿ ಆನೆಗಳು,
ಒಂದರ ಬಾಲಕ್ಕೆ ಇನ್ನೊಂದರ ಸೊಂಡಿಲು.
ನೂರಿ ಮಂಡಿಯೂರಿ ನಲವತ್ತರವರೆಗೆ ಎಣಿಸಿದಳು,
ಮತ್ತೆ ಹಿಂದಕ್ಕೆ ಹೋದಳು:
"ತಾತ, ಎರಡು ಒಂದೇ ಥರ ಇಲ್ಲ.
ಇವನ್ನೂ ಯಾರೋ ಬಿಸಿಲಲ್ಲಿ ಕೂತೇ ಒತ್ತಿರಬೇಕು.
ಅವರ ಹೆಂಡತಿ ಬೈತಿದ್ರಾ?"

ಪ್ರಫುಲ್ಲ ನಕ್ಕಳು, ಪ್ಲಾಸ್ಟರು ಕುಲುಕಿತು.
ಎಡಗೈ ಬೆರಳು ಚಾಚಿ ಒಂದು ಸೊಂಡಿಲು ಮುಟ್ಟಲು ಹೋದಳು,
ಕಾವಲಿನವನು ಸೀಟಿ ಊದಿದ.
ಬೆರಳು ಅಲ್ಲೇ ಗಾಳಿಯಲ್ಲಿ
ಆ ತಿರುವನ್ನು ನಿಧಾನಕ್ಕೆ ಬರೆದು ಮುಗಿಸಿತು.

ನಂದಿಯ ಮಂಟಪದಲ್ಲಿ ಕೆರೆಯ ಗಾಳಿ.
ನೂರಿ ನೋಟ್‌ಬುಕ್ಕಿನಲ್ಲಿ ನಂದಿಯ ಗೊರಸು ಬರೆದಳು,
ಬರೀ ಗೊರಸು, ಇಡೀ ಹಾಳೆ.
ಪ್ರಫುಲ್ಲ ಕಂಬಕ್ಕೆ ಒರಗಿ ತೂಕಡಿಸಿದಳು.
ನಾನು ಕಂಬದ ನುಣುಪಿನ ಬಳೆಗಳ ಮೇಲೆ ಕಣ್ಣಾಡಿಸಿ
ಕಡೆದವನ ಲೇತು ಎಂಥದಿರಬಹುದೆಂದು ಯೋಚಿಸಿದೆ.

ಮನೆಗೆ ಬಂದ ರಾತ್ರಿ ಕರೆಂಟಿರಲಿಲ್ಲ.
ಮೇಣದಬತ್ತಿಯ ಬೆಳಕಲ್ಲಿ ಎಣ್ಣೆ ಕಾಯಿಸಿದೆವು.
ಮೊದಲು ಬಿಟ್ಟದ್ದು ನನ್ನ ಎರಡು ಬಾಲದ ಆನೆ.
ತಳಕ್ಕೆ ಇಳಿಯಿತು, ಒಂದು ಕ್ಷಣ ಏನೂ ಇಲ್ಲ,
ಆಮೇಲೆ ಉಸಿರೆಳೆದ ಹಾಗೆ ಅರಳಿ
ಬಾಣಲೆ ಸಾಲದಷ್ಟು ದೊಡ್ಡದಾಯಿತು.

ನೂರಿ ಕುದುರೆಗಳನ್ನು ಕರಿಯಲು ಬಿಡಲಿಲ್ಲ,
ಡಬ್ಬಿಗೆ ಹಾಕಿ ಮುಚ್ಚಳದ ಮೇಲೆ ಹೆಸರು ಬರೆದಳು.
ಪ್ರಫುಲ್ಲ ಸೊಂಡಿಲು ಮುರಿದು ಬಾಯಿಗಿಟ್ಟಳು,
ಕಣ್ಣು ಮುಚ್ಚಿ ಅಗಿದಳು.
ನಾನು ಕಾದೆ.

"ಉಪ್ಪು ಒಂಚೂರು ಮುಂದು," ಅಂದಳು,
ಎಡಗೈ ಚಾಚಿದಳು
ಇನ್ನೊಂದಕ್ಕೆ.