ಎಡಗಡೆ ಸೀಟಿನ ಕಿವಿ

ಎಸ್.ಪಿ. ರೋಡಿನ ಗುಡ್ಡೆಯಲ್ಲಿ ಸಿಕ್ಕ ಪ್ಲೇಯರು,
ಮುನ್ನೂರು ಹೇಳಿ ಇನ್ನೂರೈವತ್ತಕ್ಕೆ ಕೊಟ್ಟ.
ಪರದೆ ಸತ್ತಿದೆ. ಗುಂಡಿ ಎಣಿಸಿಕೊಂಡೇ ಹಾಡು ಹುಡುಕಬೇಕು.
ಹಾಡೂ ಅಲ್ಲ ಅವು:
ಯಾರೋ ಕ್ಲಾರಿನೆಟ್ ಅಭ್ಯಾಸ ಮಾಡಿದ್ದು,
ಪ್ರತಿ ಸಲ ಒಂದೇ ಜಾಗದಲ್ಲಿ ಜಾರಿದ್ದು,
ನಡುವೆ ಕೆಮ್ಮು, ಕುಕ್ಕರಿನ ಮೂರು ಕೂಗು,
ಮತ್ತೆ ಮೊದಲಿಂದ.
ಅಳಿಸಿಬಿಡೋಣ ಅಂದುಕೊಂಡವಳು
ಒಂದು ತಿಂಗಳು ಅದನ್ನೇ ಕೇಳಿದೆ.

ಇವತ್ತು ಜೆ.ಸಿ. ರೋಡಿನ ಓಣಿಯಲ್ಲಿ
ಬಾಗಿಲ ಚರ್ಮ ಸುಲಿಸಿಕೊಂಡು ನಿಂತಿದೆ ನನ್ನ ಕಾರು.
ನೆತ್ತಿಯ ಮೇಲೆ ಇನ್ನೂ ಬೋರ್ಡು:
ಭ್ರಮರಾಂಬ ಮೋಟಾರ್ ಡ್ರೈವಿಂಗ್, ಮಹಿಳೆಯರಿಗೆ ಮಹಿಳೆಯಿಂದ.
ಸೀಟಿನಡಿ ಡಬ್ಬಿ ಕೂರಿಸುತ್ತಿದ್ದಾನೆ ಮುದಸ್ಸಿರ್.
ಊಟದ ಡಬ್ಬಿಯಷ್ಟೇ ಇದೆ, ಬೆಲೆ ಕೇಳಬೇಡಿ.
“ಪ್ರೊಸೆಸರ್ರು ಮೇಡಂ. ಇದು ಹಾಡಲ್ಲ.
ಯಾರು ಯಾವಾಗ ಬಾಯಿಬಿಡಬೇಕು
ಅಂತ ಹೇಳುತ್ತೆ, ಅಷ್ಟೇ.”

ವೈರಿನ ಒಂದು ತುದಿ ಹೆಡ್‌ಫೋನಿನ ತೂತಿಗೆ,
ಇನ್ನೊಂದು ಕವಲೊಡೆದು ಕೆಂಪು, ಬಿಳಿ.
ಇಂಜಿನ್ ಶುರುವಾದದ್ದೇ ತಡ
ಕ್ಲಾರಿನೆಟ್ಟಿನ ಹಿಂದೆ ಸೊಳ್ಳೆಯೊಂದು ಎದ್ದಿತು,
ಆಕ್ಸಲರೇಟರ್ ಒತ್ತಿದಷ್ಟೂ ಏರುವ ಸೊಳ್ಳೆ.
ಚಾರ್ಜರ್ ಕಿತ್ತ. ಸತ್ತಿತು. ಚುಚ್ಚಿದ. ಎದ್ದಿತು.
“ನೋಡಿ, ಎರಡು ಕಡೆ ನೆಲ ಮುಟ್ಟಿದೆ.
ಒಂದೇ ಕಡೆ ಮುಟ್ಟಬೇಕು.”
ಬೆರಳುಗಾತ್ರದ ಐಸೊಲೇಟರ್ ನಡುವೆ ಕಟ್ಟಿದ.
ಒಳಗೆ ಎರಡು ಸುರುಳಿಯಂತೆ,
ಒಂದನ್ನೊಂದು ಮುಟ್ಟುವುದಿಲ್ಲವಂತೆ, ಆದರೂ ದಾಟುತ್ತದಂತೆ.
ನನಗೆ ಅರ್ಥವಾಗಲಿಲ್ಲ. ಸೊಳ್ಳೆ ಮಾತ್ರ ಹೋಯಿತು.

ಆಮೇಲೆ ದರ್ಜಿಯ ಟೇಪು ತೆಗೆದ.
ಸ್ಟೇರಿಂಗ್ ಹಿಂದೆ ನನ್ನನ್ನು ಕೂರಿಸಿ
ಕಿವಿಯಿಂದ ಬಲ ಬಾಗಿಲಿಗೆ ತೊಂಬತ್ತೆರಡು,
ಎಡದ್ದಕ್ಕೆ ನೂರ ಮೂವತ್ತೆಂಟು.
“ಹತ್ತಿರದವನನ್ನ ತಡೆದು ನಿಲ್ಲಿಸ್ತೀನಿ,
ದೂರದವನು ಬಂದು ಸೇರೋ ತನಕ.
ಒಂದು ಮಿಲಿಸೆಕೆಂಡು, ಮೇಲೊಂದು ಚೂರು.”
ಅಲ್ಲಪ್ಪಾ, ಅಂದೆ,
ಹದಿನಾರು ವರ್ಷದಿಂದ ನಾನು ಕೂರೋದು ಎಡಕ್ಕೆ,
ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು.
“ಹಾಗಾದ್ರೆ ಓಡಿಸೋರಿಗೆ ಸೊಟ್ಟ ಕೇಳುತ್ತೆ.”
ಇಬ್ಬರಿಗೂ ಹೊಂದಿಸು.
ನಕ್ಕ. ಟೇಪು ಸುತ್ತಿದ.
“ಆ ಡಬ್ಬಿ ಇನ್ನೂ ಬಂದಿಲ್ಲ ಮೇಡಂ.”

ಎಡಕ್ಕೇ ಇರಲಿ, ಅಂದೆ.

ಸಂಜೆ ಐದಕ್ಕೆ ಫಿಲೋಮಿನಾ, ನಿವೃತ್ತ ನರ್ಸು, ಏಳನೇ ಪಾಠ.
ಪಾಠದ ಹೊತ್ತು ಸಂಗೀತ ಬೇಡ ಎಂಬುದು ನನ್ನದೇ ನಿಯಮ.
ಮುರಿದೆ.
ಡ್ಯಾಶ್‌ಬೋರ್ಡಿನ ಮೇಲೆ, ಗಣಪನಿಗೂ ಪಾರ್ಕಿಂಗ್ ಚೀಟಿಗೂ ನಡುವೆ,
ಯಾರೋ ಬಂದು ಕೂತರು.
ತುಟಿ ಒದ್ದೆ ಮಾಡಿಕೊಂಡದ್ದೂ ಕೇಳಿಸಿತು.

ಟೌನ್‌ಹಾಲ್ ಸಿಗ್ನಲ್ಲು ಹಸಿರಾಯಿತು.
ಫಿಲೋಮಿನಾ ಕ್ಲಚ್ಚು ಬಿಟ್ಟರು, ಕಾರು ಒಮ್ಮೆ ಜಿಗಿದು ಆಫ್.
ಹಿಂದೆ ಬಿಎಂಟಿಸಿ, ಅದರ ಹಿಂದೆ ಎರಡು ಗೂಡ್ಸ್ ಆಟೋ,
ಆಮೇಲೆ ಇಡೀ ರೋಡೇ ಹಾರ್ನು.
ಇಂಜಿನ್ ಸತ್ತರೂ ಕ್ಲಾರಿನೆಟ್ಟು ನಿಲ್ಲಲಿಲ್ಲ.
ಆ ಜಾಗಕ್ಕೆ ಬಂತು. ಜಾರಿತು. ಕೆಮ್ಮಿತು.

ಬೈಗುಳ ಗಂಟಲವರೆಗೆ ಬಂದಿತ್ತು ನನಗೆ.
ಫಿಲೋಮಿನಾ ಕೈಯೆತ್ತಿ ತಡೆದರು,
ವಾರ್ಡಿನಲ್ಲಿ ನಿಂತವರಂತೆ ಕಿವಿಗೊಟ್ಟು:
“ದಮ್ಮಿನ ಕೆಮ್ಮು ಇದು. ಬಲಗಡೆಯಿಂದ ಬರ್ತಿದೆ.”

ನನಗೆ ನಟ್ಟನಡುವಿನಿಂದ.
ಹೇಳಲಿಲ್ಲ.
ನ್ಯೂಟ್ರಲ್ಲಿಗೆ ತನ್ನಿ, ಅಂದೆ,
ಮತ್ತೆ ಮೊದಲಿಂದ.